ಗಾತ್ರ ಬದಲಾಯಿತು, ವೆಚ್ಚ ಏಕೆ ಬದಲಾಗಲಿಲ್ಲ?

ಪ್ರಶ್ನೆ: ಸೌರ ವಿದ್ಯುತ್ ಸ್ಥಾವರಗಳ ಪ್ರಾಥಮಿಕ ಅಧ್ಯಯನ ಮಾಡುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಸ್ಥಾವರದ ಉತ್ಪಾದನೆ ಮತ್ತು ಹಣಕಾಸು ಎರಡನ್ನೂ ಲೆಕ್ಕ ಹಾಕುವ ಸ್ಯಾಮ್ ತಂತ್ರಾಂಶದಲ್ಲಿ, ಉತ್ಪಾದನೆಯನ್ನು ಸರಳವಾಗಿ ಅಂದಾಜಿಸುವ ಪಿವಿವಾಟ್ಸ್ ಮಾದರಿಗೆ ಸಿಂಗಲ್ ಓನರ್ ಎಂಬ ಹಣಕಾಸು ಮಾದರಿಯನ್ನು ಜೋಡಿಸಿ ಒಂದು ಕೇಸ್ ಸಿದ್ಧಪಡಿಸಿದ್ದೇನೆ. ಅದನ್ನು 8 ಗಾತ್ರ, 5 ಓರೆಕೋನ ಮತ್ತು 6 ಸ್ಥಳಗಳಿಗೆ ಓಡಿಸಿ ನೋಡಬೇಕಾಗಿದೆ. ಕೈಯಿಂದ 240 ಸಲ ಮಾಡುವುದು ಆಗದ ಮಾತು. ಆದ್ದರಿಂದ ಸ್ಯಾಮ್‌ನ ‘ಜನರೇಟ್ ಕೋಡ್’ ಸೌಲಭ್ಯದ ಮೂಲಕ ಜೇಸನ್ ಫೈಲ್‌ಗಳನ್ನು (ಹೆಸರು ಮತ್ತು ಬೆಲೆಗಳನ್ನು ಜೋಡಿಯಾಗಿ ಬರೆದಿಡುವ ಪಠ್ಯ ಫೈಲ್‌ಗಳು) ಹೊರತೆಗೆದು, ಪೈಥಾನ್‌ನಲ್ಲಿ ಲೂಪ್ ಬರೆದು, ಸ್ಥಾವರದ ಗಾತ್ರವನ್ನು ಬದಲಿಸುತ್ತ ಹೋದೆ. ಉತ್ಪಾದನೆ ನಿರೀಕ್ಷೆಯಂತೆಯೇ ಏರಿತು. ಆದರೆ ಯೂನಿಟ್ ವೆಚ್ಚ ನಂಬಲಾಗದಷ್ಟು ಕುಸಿಯಿತು. ಇನ್ನೊಂದು ತೊಂದರೆ: ಎರಡು ಸ್ಥಳಗಳ ಹವಾಮಾನ ಫೈಲ್‌ಗಳನ್ನು ನಾನೇ ಸ್ಕ್ರಿಪ್ಟ್ ಬರೆದು ತಯಾರಿಸಿದ್ದೆ. ಒಂದರಲ್ಲಿ ವರ್ಷದ ಮೊತ್ತ ಸರಿಯಾಗಿಯೇ ಕಾಣುತ್ತದೆ, ತಿಂಗಳುಗಳು ಮಾತ್ರ ಅದಲುಬದಲಾದಂತಿವೆ. ಇನ್ನೊಂದರಲ್ಲಿ ಪೂರ್ವಕ್ಕೆ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಫಲಕಗಳ ನಡುವೆ ವಿವರಿಸಲಾಗದ ವ್ಯತ್ಯಾಸ ಬರುತ್ತಿದೆ. ಎಲ್ಲಿ ಎಡವಿದ್ದೇನೆ? ಸ್ಯಾಮ್‌ನದೇ ಎಲ್‌ಕೆ ಸ್ಕ್ರಿಪ್ಟ್ ಬಳಸಬೇಕಿತ್ತೇ?

ಉತ್ತರ: ನಿಮ್ಮ ಲೂಪ್‌ನಲ್ಲಿ ತಪ್ಪಿಲ್ಲ. ಅದು ಹೇಳಿದ್ದನ್ನು ಹೇಳಿದಂತೆಯೇ ಮಾಡಿದೆ, ಅದೇ ತೊಂದರೆಯಾಗಿದೆ. ನೀವು ಹೊರತೆಗೆದ ಜೇಸನ್ ಫೈಲನ್ನು ನಿಮ್ಮ ಕೇಸ್‌ನ ಪೂರ್ತಿ ಪ್ರತಿ ಎಂದುಕೊಂಡಿದ್ದೀರಿ. ಅದು ಹಾಗಲ್ಲ. ಲೆಕ್ಕದ ಹಂತಗಳನ್ನು ಬಿಟ್ಟು ಉತ್ತರಗಳನ್ನಷ್ಟೇ ನಕಲು ಮಾಡಿಕೊಂಡ ಹಾಳೆ ಅದು. ಪ್ರಶ್ನೆಯಲ್ಲಿ ಒಂದು ಸಂಖ್ಯೆ ಬದಲಾದರೆ ಅಂಥ ಹಾಳೆಯಲ್ಲಿರುವ ಉತ್ತರ ತಾನಾಗಿ ಬದಲಾಗುವುದಿಲ್ಲ.

ಒಳಗೆ ನಡೆಯುವುದು ಹೀಗೆ. ಸ್ಯಾಮ್ ಎರಡು ಪದರಗಳ ತಂತ್ರಾಂಶ. ನಿಮಗೆ ಕಾಣುವ ಕಿಟಕಿಗಳು, ಪುಟಗಳು, ಬೂದು ಬಣ್ಣದ ಪೆಟ್ಟಿಗೆಯಲ್ಲಿ ತಾವಾಗಿಯೇ ಬದಲಾಗುವ ಮೊತ್ತಗಳು ಮೇಲಿನ ಪದರ. ಗಂಟೆಗಂಟೆಯ ಉತ್ಪಾದನೆಯನ್ನೂ ವರ್ಷವರ್ಷದ ಹಣದ ಹರಿವನ್ನೂ ಲೆಕ್ಕ ಹಾಕುವ ಎಸ್‌ಎಸ್‌ಸಿ ಎಂಬ ಗಣಕ ಭಾಗ ಕೆಳಗಿನ ಪದರ. ನೀವು ವೆಚ್ಚದ ಪುಟದಲ್ಲಿ ‘ವ್ಯಾಟಿಗೆ ಇಷ್ಟು’ ಎಂದು ಬರೆಯುತ್ತೀರಿ. ಅದನ್ನು ಸ್ಥಾವರದ ಗಾತ್ರದಿಂದ ಗುಣಿಸಿ, ಅನಿರೀಕ್ಷಿತ ವೆಚ್ಚ ಮತ್ತು ತೆರಿಗೆ ಸೇರಿಸಿ ಒಟ್ಟು ಸ್ಥಾಪನಾ ವೆಚ್ಚವನ್ನು ಕಟ್ಟುವುದು ಮೇಲಿನ ಪದರದ ಕೆಲಸ. ಕೆಳಗಿನ ಪದರಕ್ಕೆ ತಲುಪುವುದು ಆ ಒಟ್ಟು ಸಂಖ್ಯೆ ಮಾತ್ರ. ‘ಜನರೇಟ್ ಕೋಡ್’ ಹೊರಗೆ ಬರೆಯುವುದು ಕೆಳಗಿನ ಪದರಕ್ಕೆ ಬೇಕಾದ ಇನ್‌ಪುಟ್‌ಗಳನ್ನು. ಹಾಗಾಗಿ ನಿಮ್ಮ ಜೇಸನ್ ಫೈಲ್‌ನಲ್ಲಿ ‘ಟೋಟಲ್ ಇನ್‌ಸ್ಟಾಲ್ಡ್ ಕಾಸ್ಟ್’ ಇದೆ, ವ್ಯಾಟಿನ ದರ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಒಂದು ಸರಳ ಲೆಕ್ಕ ನೋಡೋಣ. ನಿಮ್ಮ ಕೇಸ್ 1000 ಕಿಲೋವ್ಯಾಟ್‌ನದು, ಎಲ್ಲ ಸೇರಿ ವ್ಯಾಟಿಗೆ 1ರಂತೆ ವೆಚ್ಚ ಎಂದಿಟ್ಟುಕೊಳ್ಳಿ. ಫೈಲ್‌ನಲ್ಲಿ ಒಟ್ಟು ವೆಚ್ಚ 10,00,000 ಎಂದಿರುತ್ತದೆ. ಲೂಪ್ ಗಾತ್ರವನ್ನು 4000ಕ್ಕೆ ಏರಿಸಿತು. ಉತ್ಪಾದನೆ ನಾಲ್ಕು ಪಟ್ಟಾಯಿತು. ವೆಚ್ಚ 40,00,000 ಆಗಬೇಕಿತ್ತು, 10,00,000ದಲ್ಲೇ ನಿಂತಿದೆ. ಮೂರು ಭಾಗ ಸ್ಥಾವರ ನಿಮಗೆ ಪುಕ್ಕಟೆಯಾಗಿ ಸಿಕ್ಕಿದೆ. ನಿಮ್ಮ ಯೂನಿಟ್ ವೆಚ್ಚ ಸರಿಯಾಗಿ ಕಾಲು ಭಾಗಕ್ಕೆ ಇಳಿಯದೆ ಅದಕ್ಕಿಂತ ತುಸು ಮೇಲೆಯೇ ನಿಂತಿದ್ದರೆ ಅದಕ್ಕೂ ಕಾರಣವಿದೆ: ನಿರ್ವಹಣಾ ವೆಚ್ಚದಲ್ಲಿ ‘ಪ್ರತಿ ಕಿಲೋವ್ಯಾಟಿಗೆ ವರ್ಷಕ್ಕೆ ಇಷ್ಟು’ ಎಂಬ ಭಾಗವನ್ನು ಹಣಕಾಸು ಮಾದರಿ ತಾನೇ ಗಾತ್ರದಿಂದ ಗುಣಿಸಿಕೊಳ್ಳುತ್ತದೆ. ಅದು ಸರಿಯಾಗಿ ನಾಲ್ಕು ಪಟ್ಟಾಗಿದೆ. ‘ವರ್ಷಕ್ಕೆ ಒಟ್ಟು ಇಷ್ಟು’ ಎಂಬ ಸ್ಥಿರ ಭಾಗ ಬದಲಾಗಿಲ್ಲ, ಬದಲಾಗಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ. ಅಂತೂ ಕೆಲವು ಸಂಖ್ಯೆಗಳು ಗಾತ್ರದ ಹಿಂದೆ ಹೋಗಿವೆ, ಕೆಲವು ಹೋಗಿಲ್ಲ. ಪೂರ್ತಿ ತಪ್ಪಾದ ಫಲಿತಾಂಶವನ್ನು ಯಾರಾದರೂ ಗುರುತಿಸುತ್ತಾರೆ. ಇಂಥ ಅರೆಬರೆ ತಪ್ಪೇ ವರದಿಯವರೆಗೂ ಹೋಗಿ ಕೂರುವುದು.

ಒಟ್ಟು ವೆಚ್ಚವನ್ನು ಸರಿಪಡಿಸಿದರೆ ಮುಗಿಯಿತೇ? ಸಿಂಗಲ್ ಓನರ್ ಮಾದರಿಯಲ್ಲಿ ಇಲ್ಲ. ನಿರ್ಮಾಣದ ಅವಧಿಯ ಸಾಲದ ಬಡ್ಡಿ ಮತ್ತು ಶುಲ್ಕ ಸೇರಿ ‘ಕನ್‌ಸ್ಟ್ರಕ್ಷನ್ ಫೈನಾನ್ಸಿಂಗ್ ಕಾಸ್ಟ್’ ಎಂಬ ಇನ್ನೊಂದು ಸಂಖ್ಯೆ ಇದೆ. ಅದನ್ನೂ ಮೇಲಿನ ಪದರವೇ ಸ್ಥಾಪನಾ ವೆಚ್ಚದಿಂದ ಲೆಕ್ಕ ಹಾಕಿ ಕೆಳಗೆ ಕಳುಹಿಸುತ್ತದೆ. ಸಾಮರ್ಥ್ಯಕ್ಕೆ ಸಿಗುವ ಪಾವತಿಯನ್ನು ನೀವು ಸೇರಿಸಿದ್ದರೆ, ಅದಕ್ಕಾಗಿ ಸ್ಥಾವರದ ಗಾತ್ರವನ್ನು ಮೆಗಾವ್ಯಾಟ್‌ನಲ್ಲಿ ಬೇರೆಯಾಗಿಯೇ ಇಟ್ಟುಕೊಂಡ ಒಂದು ವೇರಿಯಬಲ್ ಇದೆ. ನೀವು ಬದಲಿಸಿದ ಗಾತ್ರ ಕಿಲೋವ್ಯಾಟ್‌ನಲ್ಲಿದೆ. ಒಂದೇ ಸ್ಥಾವರಕ್ಕೆ ಎರಡು ಕಡೆ ಎರಡು ಗಾತ್ರ!

ಪಿವಿವಾಟ್ಸ್ ಬಿಟ್ಟು ವಿವರವಾದ ಪಿವಿ (ಸೌರ ಫಲಕ) ಮಾದರಿಗೆ ಹೋದರೆ ಕಥೆ ಇನ್ನೂ ಗಟ್ಟಿ. ಅಲ್ಲಿ ಉತ್ಪಾದನೆಯನ್ನು ನಿರ್ಧರಿಸುವುದು ಒಂದು ಸ್ಟ್ರಿಂಗ್‌ನಲ್ಲಿ (ಸರಣಿಯಾಗಿ ಜೋಡಿಸಿದ ಸಾಲಿನಲ್ಲಿ) ಎಷ್ಟು ಫಲಕ, ಎಷ್ಟು ಸ್ಟ್ರಿಂಗ್, ಎಷ್ಟು ಇನ್ವರ್ಟರ್ ಎಂಬ ಎಣಿಕೆಗಳು. ಗಾತ್ರ ಎಂಬ ವೇರಿಯಬಲ್‌ಗೆ ನೀವು ಏನೇ ಬರೆದರೂ ಒಂದು ಫಲಕವೂ ಹೆಚ್ಚುವುದಿಲ್ಲ.

ಈಗ ಎಲ್‌ಕೆ ಪ್ರಶ್ನೆಗೆ ಬರುತ್ತೇನೆ. ಎಲ್‌ಕೆ ಎಂಬುದು ಸ್ಯಾಮ್‌ನ ಒಳಗೇ ಇರುವ ಪುಟ್ಟ ಸ್ಕ್ರಿಪ್ಟ್ ಭಾಷೆ. ಪೈಥಾನ್ ಗೊತ್ತಿರುವವರು ಅದನ್ನು ಸ್ವಲ್ಪ ಕೀಳಾಗಿ ನೋಡುವುದುಂಟು. ಹೊರಗಿನ ಲೈಬ್ರರಿಗಳಿಲ್ಲ, ಸೌಕರ್ಯ ಕಡಿಮೆ, ನಿಜ. ಆದರೆ ನಿಮಗೆ ಬೇಕಾದ ಒಂದು ಗುಣ ಪೈಥಾನ್‌ಗಿಲ್ಲದ್ದು ಅದಕ್ಕಿದೆ: ಅದು ಮೇಲಿನ ಪದರದಲ್ಲಿ ಕುಳಿತಿದೆ. ಎಲ್‌ಕೆಯಲ್ಲಿ ‘ಸೆಟ್’ ಎಂದು ಗಾತ್ರವನ್ನು ಬದಲಿಸಿದರೆ, ನೀವೇ ಪೆಟ್ಟಿಗೆಯಲ್ಲಿ ಸಂಖ್ಯೆ ತುಂಬಿದಂತೆ, ಅದಕ್ಕೆ ಹೊಂದಿಕೊಂಡ ಸಮೀಕರಣಗಳೆಲ್ಲ ಮತ್ತೆ ಲೆಕ್ಕವಾಗುತ್ತವೆ. ತಕ್ಷಣ ‘ಗೆಟ್’ ಎಂದು ಒಟ್ಟು ವೆಚ್ಚವನ್ನು ಕೇಳಿದರೆ ಹೊಸ ಮೊತ್ತವೇ ಬರುತ್ತದೆ. ಸ್ಯಾಮ್ ಮಾದರಿಗಳನ್ನು ಪೈಥಾನ್‌ನಿಂದ ಓಡಿಸುವ ಪೈಸ್ಯಾಮ್ ಲೈಬ್ರರಿ ಮಾತನಾಡುವುದು ಕೆಳಗಿನ ಪದರದೊಂದಿಗೆ. ವ್ಯಾಟಿನ ದರ ಎಂಬುದೊಂದಿದೆ ಎಂದೇ ಅದಕ್ಕೆ ತಿಳಿಯದು.

ಆದ್ದರಿಂದ ನನ್ನ ಸಲಹೆ, ಇಬ್ಬರಿಗೂ ಅವರವರ ಕೆಲಸ ಕೊಡಿ. ಎಲ್‌ಕೆಯಲ್ಲಿ ಹದಿನೈದು ಇಪ್ಪತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆಯಿರಿ. ಪ್ರಾಜೆಕ್ಟ್ ತೆರೆದು, ‘ಆಕ್ಟಿವ್ ಕೇಸ್’ ಮೂಲಕ ನಿಮ್ಮ ಕೇಸನ್ನು ಆರಿಸಿಕೊಳ್ಳಲಿ. 8 ಗಾತ್ರಗಳ ಮೇಲೆ ಲೂಪ್ ನಡೆಯಲಿ. ಪ್ರತಿ ಸುತ್ತಿನಲ್ಲಿ ಗಾತ್ರವನ್ನು ಸೆಟ್ ಮಾಡಿ, ಒಟ್ಟು ವೆಚ್ಚ, ನಿರ್ಮಾಣ ಸಾಲದ ವೆಚ್ಚ, ಹಾಗೂ ಗಾತ್ರದ ಮೇಲೆ ನಿಂತಿರುವ ಉಳಿದ ವೇರಿಯಬಲ್‌ಗಳನ್ನು ಗೆಟ್ ಮಾಡಿ, ಅಲ್ಪವಿರಾಮದಿಂದ ಬೇರ್ಪಡಿಸಿದ ಒಂದು ಸಾಲಾಗಿ (ಸಿಎಸ್‌ವಿ) ಪಠ್ಯ ಫೈಲ್‌ಗೆ ಬರೆಯಲಿ. ಸಿಮ್ಯುಲೇಶನ್ ಓಡಿಸುವ ಅಗತ್ಯವೇ ಇಲ್ಲ. 8 ಸಾಲಿನ ಪಟ್ಟಿ ಕ್ಷಣದಲ್ಲಿ ಸಿದ್ಧ. ಪೈಥಾನ್ ಆ ಪಟ್ಟಿಯನ್ನು ಓದಿ, ಪ್ರತಿ ಗಾತ್ರಕ್ಕೂ ಇಡೀ ಸಾಲನ್ನು ಜೇಸನ್‌ಗೆ ತುಂಬಿ, ಓರೆಕೋನ ಮತ್ತು ಸ್ಥಳಗಳ ಲೂಪನ್ನು ಅದರೊಳಗೆ ನಡೆಸಲಿ. ಓರೆಕೋನ ಬದಲಾದಾಗ ವೆಚ್ಚ ಬದಲಾಗದು ಎಂಬುದು ನಿಮ್ಮ ಕೇಸ್‌ನಲ್ಲಿ ನಿಜವೆಂದು ಊಹಿಸಿ ಹೀಗೆ ಹೇಳುತ್ತಿದ್ದೇನೆ. ಕಂಬಿಗಳ ವೆಚ್ಚವನ್ನು ಕೋನಕ್ಕೆ ತಕ್ಕಂತೆ ಬದಲಿಸುವ ಉದ್ದೇಶವಿದ್ದರೆ ಎಲ್‌ಕೆ ಲೂಪ್‌ಗೆ ಅದನ್ನೂ ಸೇರಿಸಿ.

ಎಲ್‌ಕೆಯಲ್ಲಿ ಒಂದು ಎಚ್ಚರ. ಸಮೀಕರಣದಿಂದ ಹುಟ್ಟುವ ವೇರಿಯಬಲ್‌ಗೆ ನೇರವಾಗಿ ಬೆಲೆ ಕೊಡಲು ಹೋಗಬೇಡಿ. ಒಟ್ಟು ವೆಚ್ಚವನ್ನು ಸೆಟ್ ಮಾಡಿದರೆ ಅದು ಉಳಿಯುವುದಿಲ್ಲ. ಅದರ ಮೂಲದಲ್ಲಿರುವ ದರವನ್ನೇ ಬದಲಿಸಬೇಕು. ಯಾವುದು ಬರೆಯುವ ವೇರಿಯಬಲ್, ಯಾವುದು ಲೆಕ್ಕವಾಗಿ ಬರುವ ವೇರಿಯಬಲ್ ಎಂಬುದು ಸ್ಯಾಮ್ ಪುಟದಲ್ಲೇ ಕಾಣುತ್ತದೆ. ಇನ್ನೂ ಆಳಕ್ಕೆ ಇಳಿಯಬೇಕೆಂದರೆ ಅದಕ್ಕೂ ಅಡ್ಡಿಯಿಲ್ಲ. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯದಲ್ಲಿ ಹುಟ್ಟಿ 2007ರಲ್ಲಿ ಮೊದಲು ಹೊರಬಂದ ಈ ತಂತ್ರಾಂಶದ ಮೂಲ ಸಂಕೇತ 2017ರಿಂದ ಎಲ್ಲರಿಗೂ ತೆರೆದಿದೆ. ಯಾವ ಪುಟದಲ್ಲಿ ಯಾವ ಸಮೀಕರಣ ಕೂತಿದೆ ಎಂದು ಓದಿಯೇ ತಿಳಿಯಬಹುದು.

‘ಎಲ್‌ಕೆ ಏಕೆ, ಆ ಸಮೀಕರಣವನ್ನು ನಾನೇ ಪೈಥಾನ್‌ನಲ್ಲಿ ಬರೆದುಕೊಳ್ಳುತ್ತೇನೆ’ ಎನ್ನಬಹುದು. ಬರೆಯಿರಿ, ತಪ್ಪೇನಿಲ್ಲ. ಆದರೆ ಸ್ಯಾಮ್ ಕಿಟಕಿಯೊಂದಿಗೆ ಕನಿಷ್ಠ ಎರಡು ಗಾತ್ರಗಳಲ್ಲಿ ತಾಳೆ ನೋಡಿ. ವೆಚ್ಚದಲ್ಲಿ ಸ್ಥಿರ ಭಾಗ ಒಂದು, ಗಾತ್ರದ ಜೊತೆ ಬೆಳೆಯುವ ಭಾಗ ಒಂದು ಇರುತ್ತದೆ. ಒಂದೇ ಗಾತ್ರದಲ್ಲಿ ಮೊತ್ತ ಸರಿಹೋಯಿತು ಎಂದರೆ ಎರಡೂ ಭಾಗ ಸರಿ ಎಂದು ಅರ್ಥವಲ್ಲ, ಒಂದರ ತಪ್ಪನ್ನು ಇನ್ನೊಂದು ಮುಚ್ಚಿರಬಹುದು.

ಇದೆಲ್ಲದಕ್ಕೂ ಮೊದಲು ಮಾಡಬೇಕಿದ್ದ, ಬಹುಶಃ ನೀವು ಮಾಡಿರದ ಒಂದು ಪರೀಕ್ಷೆ ಇದೆ. ಏನನ್ನೂ ಬದಲಿಸದೆ, ಹೊರತೆಗೆದ ಜೇಸನ್‌ಗಳನ್ನು ಹಾಗೆಯೇ ಪೈಸ್ಯಾಮ್‌ಗೆ ಕೊಟ್ಟು ಓಡಿಸಿ. ವರ್ಷದ ಉತ್ಪಾದನೆ, ಯೂನಿಟ್ ವೆಚ್ಚ ಎರಡೂ ಸ್ಯಾಮ್ ಕಿಟಕಿಯಲ್ಲಿ ಕಂಡ ಸಂಖ್ಯೆಗಳಿಗೆ ದಶಮಾಂಶದವರೆಗೂ ಹೊಂದಬೇಕು, ಏಕೆಂದರೆ ಎರಡೂ ಕಡೆ ಲೆಕ್ಕ ಹಾಕುವುದು ಒಂದೇ ಎಸ್‌ಎಸ್‌ಸಿ. ‘ಹತ್ತಿರ ಬಂತು’ ಎಂಬ ಸಮಾಧಾನ ಇಲ್ಲಿ ಸಲ್ಲದು. ಹೊಂದದಿದ್ದರೆ ಹುಡುಕಬೇಕಾದ ಜಾಗಗಳು ಮೂರೇ.

ಮೊದಲನೆಯದು ಆವೃತ್ತಿ. ಪೈಸ್ಯಾಮ್‌ನ ಪ್ರತಿ ಬಿಡುಗಡೆಯೂ ಒಂದು ನಿರ್ದಿಷ್ಟ ಸ್ಯಾಮ್ ಬಿಡುಗಡೆಗೆ ಜೋಡಿ. ಹಳೆಯ ಸ್ಯಾಮ್‌ನಿಂದ ತೆಗೆದ ಫೈಲನ್ನು ಹೊಸ ಪೈಸ್ಯಾಮ್‌ಗೆ ಕೊಟ್ಟರೆ ಕೆಲವು ಹೆಸರುಗಳು ಇರುವುದಿಲ್ಲ, ಕೆಲವು ಹೊಸ ಇನ್‌ಪುಟ್‌ಗಳು ತಮ್ಮ ಪೂರ್ವನಿಗದಿತ ಬೆಲೆಯನ್ನೇ ಹಿಡಿದು ಕೂರುತ್ತವೆ. ಎರಡನೆಯದು ಮಾದರಿಗಳ ಸರಪಳಿ. ನಿಮ್ಮ ಕೇಸ್‌ಗೆ ಪಿವಿವಾಟ್ಸ್, ಗ್ರಿಡ್, ಯುಟಿಲಿಟಿ ರೇಟ್, ಸಿಂಗಲ್ ಓನರ್ ಎಂದು ನಾಲ್ಕು ಜೇಸನ್‌ಗಳು ಬಂದಿರುತ್ತವೆ. ಪೈಥಾನ್‌ನಲ್ಲಿ ಮೊದಲನೆಯದನ್ನು ‘ನ್ಯೂ’ ಎಂದು ಸೃಷ್ಟಿಸಿ, ಉಳಿದವನ್ನು ‘ಫ್ರಮ್ ಎಕ್ಸಿಸ್ಟಿಂಗ್’ ಮೂಲಕ ಅದಕ್ಕೆ ಕಟ್ಟಬೇಕು. ಆಗ ನಾಲ್ಕಕ್ಕೂ ಒಂದೇ ದತ್ತಾಂಶ ಕೋಷ್ಟಕ. ನಾಲ್ಕನ್ನೂ ‘ನ್ಯೂ’ ಎಂದೇ ಸೃಷ್ಟಿಸಿದರೆ ನಾಲ್ಕು ಮಂದಿ ಬೇರೆ ಬೇರೆ ಕೋಣೆಯಲ್ಲಿ ಕುಳಿತಂತೆ. ಪಿವಿವಾಟ್ಸ್ ಉತ್ಪಾದಿಸಿದ ವಿದ್ಯುತ್ ಹಣಕಾಸು ಮಾದರಿಗೆ ತಲುಪುವುದೇ ಇಲ್ಲ. ಮೂರನೆಯದು ತೀರಾ ಚಿಕ್ಕದು: ಜೇಸನ್‌ನ ಕೊನೆಯಲ್ಲಿ ‘ನಂಬರ್ ಇನ್‌ಪುಟ್ಸ್’ ಎಂಬ ಒಂದು ನಮೂದು ಇರುತ್ತದೆ. ಅದು ಇನ್‌ಪುಟ್ ಅಲ್ಲ, ಇನ್‌ಪುಟ್‌ಗಳ ಎಣಿಕೆ. ಫೈಲನ್ನು ತುಂಬುವ ಲೂಪ್ ಅದನ್ನು ಬಿಟ್ಟು ಮುಂದೆ ಹೋಗಬೇಕು, ಇಲ್ಲವಾದರೆ ದೋಷದ ಸಂದೇಶ ಬರುತ್ತದೆ. ಸಂದೇಶ ಬರುವ ತಪ್ಪು ಒಳ್ಳೆಯ ತಪ್ಪು, ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಸದ್ದಿಲ್ಲದ ತಪ್ಪಿಗೆ ಒಂದು ಉದಾಹರಣೆ ಕೊಡುತ್ತೇನೆ. ಸ್ಯಾಮ್ ಕಿಟಕಿಯಲ್ಲಿ ಪಟ್ಟಿಯಿಂದ ಆರಿಸುವ ಆಯ್ಕೆಗಳು ಫೈಲ್‌ನಲ್ಲಿ ಬರೀ ಅಂಕಿಗಳು. ಪಿವಿವಾಟ್ಸ್‌ನ ‘ಅರೇ ಟೈಪ್’ 0 ಎಂದರೆ ತೆರೆದ ಚೌಕಟ್ಟಿನ ಮೇಲೆ ಸ್ಥಿರವಾಗಿ ನಿಲ್ಲಿಸಿದ್ದು, 1 ಎಂದರೆ ಚಾವಣಿಗೆ ಹತ್ತಿಸಿದ್ದು, 2 ಎಂದರೆ ಒಂದು ಅಕ್ಷದಲ್ಲಿ ಸೂರ್ಯನನ್ನು ಹಿಂಬಾಲಿಸುವಂಥದ್ದು. 0 ಮತ್ತು 1ರ ನಡುವಿನ ವ್ಯತ್ಯಾಸ ಗಾಳಿಯಾಡುವಿಕೆ ಮತ್ತು ಫಲಕದ ಬಿಸಿಯದು. ಫಲಿತಾಂಶದಲ್ಲಿ ಬರುವ ಅಂತರ ಸಣ್ಣದು, ‘ಹೀಗೂ ಇರಬಹುದು’ ಎನ್ನುವಷ್ಟು. ಅಂಕಿಯನ್ನು ನೆನಪಿನಿಂದ ಬರೆಯದೆ, ಸ್ಕ್ರಿಪ್ಟ್‌ನ ಆರಂಭದಲ್ಲಿ ಹೆಸರಿಗೆ ಅಂಕಿ ಜೋಡಿಸಿದ ಕೋಷ್ಟಕವೊಂದನ್ನು ಇಟ್ಟುಕೊಳ್ಳಿ.

ಸಂದೇಶ ಬಂದರೂ ಕಾರಣ ಬೇಗ ತಿಳಿಯದ ತಪ್ಪು ಇನ್ನೊಂದಿದೆ, ಫೈಲಿನ ದಾರಿಯದು. ಜೇಸನ್‌ನಲ್ಲಿ ಹವಾಮಾನ ಫೈಲಿನ ವಿಳಾಸ ನಿಮ್ಮ ಕಂಪ್ಯೂಟರಿನ ಪೂರ್ತಿ ದಾರಿಯಾಗಿ ಕುಳಿತಿರುತ್ತದೆ; ಸಹೋದ್ಯೋಗಿಯ ಯಂತ್ರದಲ್ಲಿ ಅದು ಇಲ್ಲ. ಸರಿ, ಲೂಪ್‌ನಲ್ಲಿ ಬದಲಿಸೋಣ ಎಂದು ವಿಂಡೋಸ್ ದಾರಿಯನ್ನು ಪೈಥಾನ್‌ಗೆ ಹಾಗೆಯೇ ಅಂಟಿಸುತ್ತೀರಿ. ಫೋಲ್ಡರಿನ ಹೆಸರು ಇಂಗ್ಲಿಷಿನ ಸಣ್ಣ ಟಿ ಅಕ್ಷರದಿಂದ ಆರಂಭವಾಗಿದ್ದರೆ, ಅದರ ಹಿಂದಿನ ಬ್ಯಾಕ್‌ಸ್ಲ್ಯಾಷ್ ಮತ್ತು ಆ ಟಿ ಎರಡೂ ಸೇರಿ ಒಂದು ಟ್ಯಾಬ್ ಆಗಿಬಿಡುತ್ತದೆ. ಹವಾಮಾನ ಫೈಲ್‌ಗಳ ಫೋಲ್ಡರಿಗೆ ಸಣ್ಣ ಅಕ್ಷರಗಳಲ್ಲಿ ‘ಟಿಎಂವೈ’ (ಪ್ರಾತಿನಿಧಿಕ ಹವಾಮಾನ ವರ್ಷ) ಎಂದು ಹೆಸರಿಡದವರು ಯಾರು? ‘ಫೈಲ್ ಸಿಗಲಿಲ್ಲ’ ಎನ್ನುವ ಸಂದೇಶದಲ್ಲಿ ದಾರಿಯ ನಡುವೆ ಅಗಲವಾದ ಖಾಲಿ ಜಾಗ ಕಂಡರೆ ಇದೇ ಕಥೆ. ಮುಂದಕ್ಕೆ ಓರೆಯಾದ ಗೆರೆಯನ್ನೇ ಬಳಸಿ, ವಿಂಡೋಸ್‌ನಲ್ಲೂ ನಡೆಯುತ್ತದೆ.

ಇನ್ನು ನಿಮ್ಮ ಹವಾಮಾನ ಫೈಲ್‌ಗಳು. ಇಪಿಡಬ್ಲ್ಯು ಮತ್ತು ಟಿಎಂವೈ3 ಎಂಬ ಪ್ರಚಲಿತ ಹವಾಮಾನ ಫೈಲ್ ರೂಪಗಳನ್ನು ಸ್ಯಾಮ್ ನೇರವಾಗಿ ಓದುತ್ತದೆ. ಪರಿವರ್ತನೆ ಅನಿವಾರ್ಯವಲ್ಲದಿದ್ದರೆ ಮಾಡಲೇಬೇಡಿ. ಮಾಡಲೇಬೇಕೆಂದರೆ ಸ್ಯಾಮ್‌ನ ಸಿಎಸ್‌ವಿ ರೂಪ ಸರಳ: ಮೊದಲ ಸಾಲಿನಲ್ಲಿ ಅಕ್ಷಾಂಶ, ರೇಖಾಂಶ, ಸಮಯ ವಲಯ, ಎತ್ತರ ಮುಂತಾದವುಗಳ ಹೆಸರು, ಎರಡನೆಯ ಸಾಲಿನಲ್ಲಿ ಅವುಗಳ ಬೆಲೆ, ಮೂರನೆಯದರಲ್ಲಿ ಕಾಲಂಗಳ ಹೆಸರು, ಆಮೇಲೆ ಗಂಟೆಗೊಂದರಂತೆ 8760 ಸಾಲು.

ತಿಂಗಳುಗಳು ಅದಲುಬದಲಾದ ನಿಮ್ಮ ಮೊದಲ ಫೈಲಿನ ರೋಗ ನನಗೆ ಚೆನ್ನಾಗಿ ಗೊತ್ತು, ನನಗೂ ಬಂದಿತ್ತು. ಟಿಎಂವೈ ಎಂದರೆ ಒಂದು ನಿಜವಾದ ವರ್ಷವಲ್ಲ. ಹಲವು ವರ್ಷಗಳ ದಾಖಲೆಯಿಂದ ಪ್ರತಿ ತಿಂಗಳಿಗೂ ಆ ಸ್ಥಳಕ್ಕೆ ಹೆಚ್ಚು ಪ್ರಾತಿನಿಧಿಕವಾದದ್ದನ್ನು ಆರಿಸಿ ಹೊಲಿದ ವರ್ಷ. ಜನವರಿ 2004ರದ್ದಾಗಿರಬಹುದು, ಫೆಬ್ರುವರಿ 1999ರದ್ದು, ಮಾರ್ಚ್ 2001ರದ್ದು. ಅಚ್ಚುಕಟ್ಟಿನ ಅಭ್ಯಾಸದಿಂದ ನಾವು ವರ್ಷ, ತಿಂಗಳು, ದಿನ, ಗಂಟೆ ಸೇರಿಸಿ ಪೂರ್ತಿ ಸಮಯ ಮುದ್ರೆ ಕಟ್ಟಿ, ಅದರ ಪ್ರಕಾರ ಸಾಲುಗಳನ್ನು ವಿಂಗಡಿಸುತ್ತೇವೆ. ಆ ಕ್ಷಣ 1999ರ ಫೆಬ್ರುವರಿ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಸೂರ್ಯನ ಸ್ಥಾನವನ್ನು ಸಾಲಿನಲ್ಲೇ ಇರುವ ತಿಂಗಳು ಮತ್ತು ದಿನದಿಂದ ಲೆಕ್ಕ ಹಾಕಿದಾಗ ವರ್ಷದ ಮೊತ್ತ ಕೆಡುವುದಿಲ್ಲ. ಆದರೆ ತಿಂಗಳವಾರು ಮೊತ್ತ, ಗಂಟೆಗಂಟೆಗೆ ಬದಲಾಗುವ ದರ, ಬಳಕೆಯ ದತ್ತಾಂಶ ಎಲ್ಲವೂ ‘ಇದು ವರ್ಷದ ಎಷ್ಟನೆಯ ಸಾಲು’ ಎಂದಷ್ಟೇ ನೋಡುತ್ತವೆ. ನಾನು ಇಂಥ ಫೈಲ್‌ಗಳ ಒಂದು ಕಂತೆಯನ್ನೇ ಕಳುಹಿಸಿಕೊಟ್ಟಿದ್ದೆ. ಚಳಿಗಾಲದಲ್ಲಿ ಉತ್ಪಾದನೆ ಏಕೆ ಇಷ್ಟು ಚೆನ್ನಾಗಿದೆ ಎಂದು ಅತ್ತ ಕಡೆಯವರು ಸಂತೋಷದಿಂದ ಕೇಳಿದಾಗಲೇ ಎಚ್ಚರವಾಗಿದ್ದು. ವಿಂಗಡಿಸುವುದಿದ್ದರೆ ವರ್ಷವನ್ನು ಬಿಟ್ಟು ತಿಂಗಳು, ದಿನ, ಗಂಟೆಗಳಿಂದ ವಿಂಗಡಿಸಿ. ಮೂಲ ಫೈಲ್ ಕ್ರಮದಲ್ಲೇ ಇರುತ್ತದೆ, ವಿಂಗಡಿಸದೆ ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯ ಫೈಲ್, ಪೂರ್ವ ಪಶ್ಚಿಮಗಳ ವ್ಯತ್ಯಾಸದ್ದು, ಹೆಚ್ಚೂಕಡಿಮೆ ಖಂಡಿತವಾಗಿ ಅರ್ಧ ಗಂಟೆಯ ತಪ್ಪು. ಅದು ಎರಡು ಬಾಗಿಲಿನಿಂದ ಬರುತ್ತದೆ.

ಒಂದು, ಸಮಯ ವಲಯ. ಲೋಕದಲ್ಲಿ 5.5, 9.5ರಂಥ ಅರ್ಧ ಗಂಟೆಯ ವಲಯಗಳಿವೆ, 5.75 ಕೂಡ ಇದೆ. ಸ್ಕ್ರಿಪ್ಟ್‌ನಲ್ಲಿ ಎಲ್ಲೋ ಈ ಸಂಖ್ಯೆಯನ್ನು ಪೂರ್ಣಾಂಕವಾಗಿಸಿದ್ದರೆ 5.5 ಸದ್ದಿಲ್ಲದೆ 5 ಆಗುತ್ತದೆ. ಆಗ ಮಾದರಿಯ ಲೆಕ್ಕದಲ್ಲಿ ಸೂರ್ಯ ನಿಜಕ್ಕಿಂತ ಅರ್ಧ ಗಂಟೆ ಮುಂದೆ ಓಡುತ್ತಿರುತ್ತಾನೆ. ಗಂಟೆಗೆ 15 ಡಿಗ್ರಿಯಂತೆ ಅದು 7.5 ಡಿಗ್ರಿ. ಬೆಳಗ್ಗೆ ಸೂರ್ಯ ಮೂಡಿದ್ದಾನೆ, ಫೈಲ್‌ನಲ್ಲಿ ವಿಕಿರಣ ಸೊನ್ನೆ. ಸಂಜೆ ಫೈಲ್‌ನಲ್ಲಿ ವಿಕಿರಣವಿದೆ, ಲೆಕ್ಕದಲ್ಲಿ ಸೂರ್ಯ ಮುಳುಗಿಯಾಗಿದೆ. ದಕ್ಷಿಣಕ್ಕೆ ಮುಖ ಮಾಡಿದ ಸ್ಥಿರ ಫಲಕದಲ್ಲಿ ಬೆಳಗಿನ ತಪ್ಪು ಮತ್ತು ಸಂಜೆಯ ತಪ್ಪು ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕುತ್ತವೆ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದಾಗ ಬಯಲಾಗುತ್ತದೆ. ನೀವು ಪೂರ್ವ ಪಶ್ಚಿಮ ಎರಡನ್ನೂ ಪರೀಕ್ಷಿಸಿದ್ದು ನಿಮ್ಮ ಪುಣ್ಯ.

ಎರಡು, ಗಂಟೆ ಎಂದರೆ ಯಾವ ಗಂಟೆ ಎಂಬ ಪ್ರಶ್ನೆ. ಟಿಎಂವೈ3, ಇಪಿಡಬ್ಲ್ಯು ಎರಡರಲ್ಲೂ ಗಂಟೆ 1ರಿಂದ 24ರವರೆಗೆ ಓಡುತ್ತದೆ, ಮತ್ತು ಆ ಅಂಕಿ ಗಂಟೆಯ ಕೊನೆಯನ್ನು ಸೂಚಿಸುತ್ತದೆ. 1 ಎಂಬ ಸಾಲಿನಲ್ಲಿರುವುದು ಮಧ್ಯರಾತ್ರಿಯಿಂದ ಒಂದು ಗಂಟೆಯವರೆಗಿನ ವಿಕಿರಣ. ಅದರ ನಡು ಬಿಂದು 0 ಗಂಟೆ 30 ನಿಮಿಷ, ಸೂರ್ಯನ ಸ್ಥಾನವನ್ನು ಅಲ್ಲಿ ಹಿಡಿಯಬೇಕು. ನೀವು 1 ಗಂಟೆ 0 ನಿಮಿಷ ಎಂದು ಬರೆದರೆ ಅರ್ಧ ಗಂಟೆ, 1 ಗಂಟೆ 30 ನಿಮಿಷ ಎಂದರೆ ಪೂರ್ತಿ ಒಂದು ಗಂಟೆ ಆಚೆ. ಮದ್ದು ಒಂದೇ ಸಾಲಿನದು: ಗಂಟೆಯಿಂದ 1 ಕಳೆಯಿರಿ, ನಿಮಿಷದ ಕಾಲಂಗೆ 30 ಬರೆಯಿರಿ. ಪೈಥಾನ್‌ನ ಸಮಯ ಲೈಬ್ರರಿ ‘24 ಗಂಟೆ ಎಂಬುದೇ ಇಲ್ಲ’ ಎಂದು ತೆಗೆಯುವ ತಕರಾರೂ ಇದರಿಂದಲೇ ಪರಿಹಾರವಾಗುತ್ತದೆ, 24 ಎಂಬುದು 23 ಗಂಟೆ 30 ನಿಮಿಷವಾಗುತ್ತದೆ. ಆ ತಕರಾರನ್ನು ಮುಚ್ಚಲು 24ನ್ನು 0 ಎಂದು ಬದಲಿಸಿದ ಸ್ಕ್ರಿಪ್ಟ್‌ಗಳನ್ನು ಬಹಳ ನೋಡಿದ್ದೇನೆ. ಹಾಗೆ ಮಾಡಿದರೆ ದಿನದ ಕೊನೆಯ ಗಂಟೆ ಅದೇ ದಿನದ ಆರಂಭಕ್ಕೆ ಹಾರುತ್ತದೆ. ರಾತ್ರಿಯ ಹೊತ್ತಾದ್ದರಿಂದ ಸೌರ ಉತ್ಪಾದನೆಯಲ್ಲಿ ಏನೂ ಕಾಣಿಸುವುದಿಲ್ಲ, ಮುಂದೊಂದು ದಿನ ಬ್ಯಾಟರಿ ಸೇರಿಸಿದಾಗ ಕಾಣಿಸುತ್ತದೆ.

ಇದನ್ನು ಕಣ್ಣಿಗೆ ಬಿಡದೆ ಸ್ಕ್ರಿಪ್ಟೇ ಹಿಡಿಯುವಂತೆ ಮಾಡಬಹುದು. ಸಮತಲದ ಮೇಲಿನ ಒಟ್ಟು ವಿಕಿರಣವು ಚದುರಿದ ವಿಕಿರಣ ಮತ್ತು ನೇರ ವಿಕಿರಣದ ಲಂಬಾಂಶ, ಇವೆರಡರ ಮೊತ್ತ. ಅಂದರೆ ಜಿಎಚ್‌ಐ (ಒಟ್ಟು) ಎಂಬುದು ಡಿಎಚ್‌ಐಗೆ (ಚದುರಿದ್ದು), ಡಿಎನ್‌ಐಯನ್ನು (ನೇರವಾದದ್ದು) ಸೂರ್ಯನ ಶಿರೋಬಿಂದು ಕೋನದ ಕೊಸೈನ್‌ನಿಂದ ಗುಣಿಸಿದ್ದನ್ನು ಕೂಡಿಸಿದಷ್ಟು. ಸೌರ ಲೆಕ್ಕಗಳ ಪೈಥಾನ್ ಲೈಬ್ರರಿಯಾದ ಪಿವಿಲಿಬ್ ಬಳಸಿ ನಿಮ್ಮ ಫೈಲಿನ ಸಮಯಕ್ಕೆ ಸೂರ್ಯನ ಸ್ಥಾನ ಲೆಕ್ಕ ಹಾಕಿ, ಎರಡೂ ಬದಿಗಳ ಅಂತರವನ್ನು ಗಂಟೆವಾರು ಸರಾಸರಿ ಮಾಡಿ ನೋಡಿ. ಸಮಯ ಸರಿಯಿದ್ದರೆ ಅಂತರ ಬೆಳಗ್ಗೆ ಸಂಜೆ ಎರಡೂ ಕಡೆ ಸೊನ್ನೆಯ ಸುತ್ತಲೇ ಇರುತ್ತದೆ. ಸಮಯ ಸರಿದಿದ್ದರೆ ಬೆಳಗ್ಗೆ ಒಂದು ಚಿಹ್ನೆ, ಸಂಜೆ ಅದಕ್ಕೆ ವಿರುದ್ಧ ಚಿಹ್ನೆ. ನಾನು ಬರೆಯುವ ಪ್ರತಿ ಹವಾಮಾನ ಸ್ಕ್ರಿಪ್ಟ್‌ನ ಕೊನೆಯಲ್ಲಿ ಈ ಪರೀಕ್ಷೆ ಇರುತ್ತದೆ. ಅದರಲ್ಲಿ ಸೋತ ಫೈಲನ್ನು ಸ್ಕ್ರಿಪ್ಟ್ ಬರೆಯುವುದೇ ಇಲ್ಲ.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಪಿಡಬ್ಲ್ಯುವಿನಲ್ಲಿ ವಾಯು ಒತ್ತಡ ಪ್ಯಾಸ್ಕಲ್‌ನಲ್ಲಿದೆ, ಸ್ಯಾಮ್ ಕೇಳುವುದು ಮಿಲಿಬಾರ್, 100ರಿಂದ ಭಾಗಿಸಿ. ಪಿವಿವಾಟ್ಸ್‌ನಲ್ಲಿ ಇದನ್ನು ಮರೆತರೂ ತಕ್ಷಣ ಗೊತ್ತಾಗದಿರಬಹುದು. ಅದೇ ಫೈಲನ್ನು ಮುಂದೆ ಯಾರಾದರೂ ಕನ್ನಡಿಗಳ ಸೌರ ಉಷ್ಣ ಸ್ಥಾವರದ ಮಾದರಿಗೆ ಕೊಟ್ಟಾಗ ಗೊತ್ತಾಗುತ್ತದೆ. ಇಪಿಡಬ್ಲ್ಯುವಿನಲ್ಲಿ ದಾಖಲೆ ಇಲ್ಲದ ಜಾಗದಲ್ಲಿ ವಿಕಿರಣಕ್ಕೆ 9999, ಉಷ್ಣಾಂಶಕ್ಕೆ 99.9, ಗಾಳಿಯ ವೇಗಕ್ಕೆ 999 ಎಂದು ಬರೆದಿರುತ್ತಾರೆ. ಇವು ಅಳತೆಗಳಲ್ಲ, ‘ಇಲ್ಲ’ ಎಂಬ ಗುರುತು. ಸೆಕೆಂಡಿಗೆ 999 ಮೀಟರ್ ಗಾಳಿಯಲ್ಲಿ ಫಲಕಗಳು ಎಷ್ಟು ತಂಪಾಗಿರುತ್ತವೆ ಎಂದು ಮಾದರಿ ನಿಷ್ಠೆಯಿಂದ ಲೆಕ್ಕ ಹಾಕಿಬಿಟ್ಟೀತು. ಅಧಿಕ ವರ್ಷದ ದತ್ತಾಂಶದಲ್ಲಿ 8784 ಸಾಲುಗಳಿದ್ದರೆ ಫೆಬ್ರುವರಿ 29ರ 24 ಸಾಲುಗಳನ್ನು ತೆಗೆಯಿರಿ. ಕೊನೆಯ 24 ಸಾಲುಗಳನ್ನು ಕತ್ತರಿಸಿ 8760ಕ್ಕೆ ಇಳಿಸಿದರೆ ಎಣಿಕೆ ಸರಿಹೋಗುತ್ತದೆ, ಮಾರ್ಚ್‌ನಿಂದ ಮುಂದೆ ಎಲ್ಲವೂ ಒಂದು ದಿನ ಜರುಗಿರುತ್ತದೆ.

ಪಿವಿಸಿಸ್ಟ್ ಎಂಬ ಇನ್ನೊಂದು ಸೌರ ತಂತ್ರಾಂಶ ಬಳಸುವ ಸಹೋದ್ಯೋಗಿಗಳಿಗೂ ಫೈಲ್ ಬರೆದುಕೊಡಬೇಕಾಗಿ ಬಂದರೆ ಎರಡು ಮಾತು. ಸ್ಯಾಮ್‌ನಲ್ಲಿ ದಕ್ಷಿಣ ಎಂದರೆ 180 ಡಿಗ್ರಿ. ಪಿವಿಸಿಸ್ಟ್‌ನಲ್ಲಿ, ಉತ್ತರಾರ್ಧ ಗೋಳದಲ್ಲಿ, ದಕ್ಷಿಣ ಎಂದರೆ 0, ಪೂರ್ವ ಋಣ, ಪಶ್ಚಿಮ ಧನ. ಅಲ್ಲಿಯ 0ಯನ್ನು ಹಾಗೆಯೇ ಸ್ಯಾಮ್‌ಗೆ ತಂದರೆ ನಿಮ್ಮ ಸ್ಥಾವರ ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತದೆ. ಫಲಕದ ವಿವರ ಇರುವ ಪ್ಯಾನ್ ಫೈಲ್ ಸಾಮಾನ್ಯ ಪಠ್ಯ, ಸ್ಕ್ರಿಪ್ಟ್‌ನಿಂದ ಬದಲಿಸಲು ಕೈ ತುರಿಸುತ್ತದೆ. ನಿಮ್ಮ ಒಟ್ಟು ವೆಚ್ಚದ ಕಥೆಯೇ ಅಲ್ಲಿ ಮತ್ತೊಂದು ವೇಷದಲ್ಲಿ ಕಾದಿದೆ. ಗರಿಷ್ಠ ಶಕ್ತಿಯ ಬಿಂದುವಿನಲ್ಲಿ 40 ವೋಲ್ಟ್, 13.5 ಆಂಪಿಯರ್ ಇರುವ ಫಲಕ 540 ವ್ಯಾಟಿನದು. ಹೆಸರಿನ ಶಕ್ತಿಯನ್ನು ಮಾತ್ರ 550ಕ್ಕೆ ತಿದ್ದಿದರೆ ಗುಣಾಕಾರ ಈಗಲೂ 540 ಎನ್ನುತ್ತಿರುತ್ತದೆ, ಸರಣಿ ರೋಧ ಮತ್ತು ಸಮಾಂತರ ರೋಧಗಳು ಹಳೆಯ ಫಲಕದ ವಕ್ರರೇಖೆಗೇ ಅಂಟಿಕೊಂಡಿರುತ್ತವೆ. ತಯಾರಕರು ಕೊಟ್ಟ ಬೇರೆ ಫೈಲ್ ತಂದುಕೊಳ್ಳಿ, ಇದ್ದದ್ದನ್ನು ತಿದ್ದಬೇಡಿ.

ನಿಮ್ಮ 240 ಓಟಗಳಿಗೆ ಈ ಕ್ರಮ ಹಿಡಿಯಿರಿ: ಮೊದಲು ಏನನ್ನೂ ಬದಲಿಸದ ಒಂದು ಓಟ, ಕಿಟಕಿಯೊಂದಿಗೆ ತಾಳೆ. ಆಮೇಲೆ ಪಟ್ಟಿಯಿಂದ ಮೂರು ಮೂಲೆಗಳನ್ನು ಆರಿಸಿ: ಅತಿ ಚಿಕ್ಕ ಗಾತ್ರ, ಅತಿ ದೊಡ್ಡ ಗಾತ್ರ, ಮತ್ತು ನೀವೇ ತಯಾರಿಸಿದ ಹವಾಮಾನ ಫೈಲ್ ಇರುವ ಒಂದು ಸ್ಥಳ. ಆ ಮೂರನ್ನೂ ಸ್ಯಾಮ್ ಕಿಟಕಿಯಲ್ಲಿ ಕೈಯಿಂದ ತುಂಬಿ ಓಡಿಸಿ, ಸ್ಕ್ರಿಪ್ಟ್‌ನ ಫಲಿತಾಂಶದ ಪಕ್ಕದಲ್ಲಿ ಬರೆದಿಡಿ. ಯೂನಿಟ್ ವೆಚ್ಚ ಮೂರರಲ್ಲೂ ಹೊಂದಿದರೆ ಉಳಿದ 237 ಓಟಗಳಿಗೆ ಹಸಿರು ನಿಶಾನೆ ಕೊಡಿ. ಪಿವಿವಾಟ್ಸ್‌ನ ಒಂದು ಓಟಕ್ಕೆ ಹಿಡಿಯುವ ಹೊತ್ತು ಕ್ಷಣಮಾತ್ರ, ಆ ಮೂರನ್ನು ಕೈಯಿಂದ ತುಂಬಲು ನೀವು ತೆಗೆದುಕೊಂಡಷ್ಟು ಸಮಯವೂ ಅದಕ್ಕೆ ಬೇಕಾಗದು.